ಮುಳ್ಳಿನಿಂದ ಅಂಕಿಗೆ: ಗ್ರಾಮಫೋನ್ ತಟ್ಟೆಯ ಹಾಡು ಕಂಪ್ಯೂಟರಿಗೆ ಇಳಿದ ಕಥೆ

ಸಮುದ್ರ ದಾಟಿ ಬಂದ ಕನ್ನಡ ಕುಟುಂಬಗಳು ತಮ್ಮೊಡನೆ ಏನೇನು ತಂದವೆಂದು ಪಟ್ಟಿ ಮಾಡಲು ಹೊರಟರೆ ಮೂರು ವಸ್ತುಗಳಂತೂ ತಪ್ಪದೆ ಸಿಗುತ್ತವೆ: ಒಂದಿಷ್ಟು ಪಾತ್ರೆ, ಒಂದಿಷ್ಟು ಪುಸ್ತಕ, ಒಂದಿಷ್ಟು ಹಾಡು. ಪಾತ್ರೆ ದಿನವೂ ಬಳಕೆಯಾಗುತ್ತದೆ. ಪುಸ್ತಕ ಓದದಿದ್ದರೂ ಕಪಾಟಿನಲ್ಲಿ ಕಣ್ಣಿಗೆ ಬೀಳುತ್ತಿರುತ್ತದೆ. ಹಾಡಿನ ಗತಿ ಮಾತ್ರ ಬೇರೆ. 1960 ಮತ್ತು 70ರ ದಶಕಗಳಲ್ಲಿ ಇಲ್ಲಿಗೆ ಬಂದವರು ಜೋಪಾನವಾಗಿ ಹೊತ್ತು ತಂದ ಗ್ರಾಮಫೋನ್ ತಟ್ಟೆಗಳು ಈಗ ಬೇಸ್‌ಮೆಂಟಿನ ರಟ್ಟಿನ ಪೆಟ್ಟಿಗೆಗಳಲ್ಲಿ ಕುಳಿತಿವೆ. ಅವುಗಳನ್ನು ನುಡಿಸುವ ಯಂತ್ರ ಎಷ್ಟೋ ಮನೆಗಳಲ್ಲಿ ಇಲ್ಲ. ಇದ್ದರೂ ಅದರ ಮುಳ್ಳು ಸವೆದಿದೆ. ಮಕ್ಕಳು, ಮೊಮ್ಮಕ್ಕಳು ಹಾಡು ಕೇಳುವುದು ಕಿಸೆಯಲ್ಲಿರುವ ಫೋನಿನಲ್ಲಿ.

ಹೀಗಾಗಿ ಹಿರಿಯರು ಸೇರಿದ ಕಡೆಯಲ್ಲೆಲ್ಲ ಒಂದು ಪ್ರಶ್ನೆ ಏಳುತ್ತದೆ: ಈ ತಟ್ಟೆಗಳನ್ನು ಕಂಪ್ಯೂಟರಿಗೆ ಇಳಿಸಲು ಯಾವ ಪರಿವರ್ತಕ ಕೊಳ್ಳಬೇಕು? ತಟ್ಟೆಯ ಗೆರೆಯಲ್ಲಿರುವ ಅನಲಾಗ್ ಧ್ವನಿಯನ್ನು ಅಂಕಿಗಳನ್ನಾಗಿ, ಎಂದರೆ ಡಿಜಿಟಲ್ ಆಗಿ, ಬದಲಿಸುವ ಉಪಕರಣಕ್ಕೆ ಪರಿವರ್ತಕ ಎನ್ನೋಣ. ಹತ್ತಾರು ಡಾಲರಿನಿಂದ ಸಾವಿರಾರು ಡಾಲರಿನವರೆಗೆ ಅಂಗಡಿಯಲ್ಲಿ ಅದು ಸಿಗುತ್ತದೆ. ಪ್ರತಿಯೊಂದರ ಪೆಟ್ಟಿಗೆಯ ಮೇಲೂ ಬಿಟ್ಟು, ಹರ್ಟ್ಸ್, ಡೆಸಿಬೆಲ್ ಎಂದು ದೊಡ್ಡ ದೊಡ್ಡ ಸಂಖ್ಯೆಗಳು. ಯಾವುದನ್ನು ನಂಬುವುದು?

ಇದಕ್ಕೆ ಉತ್ತರ ಜಾಹೀರಾತಿಗಿಂತ ಚರಿತ್ರೆಯಲ್ಲಿ ಚೆನ್ನಾಗಿ ಸಿಗುತ್ತದೆ. ಧ್ವನಿ ತಟ್ಟೆಯ ಮೇಲೆ ಹೇಗೆ ಕುಳಿತಿತು, ಅಂಕಿಗಳಾಗುವುದನ್ನು ಹೇಗೆ ಕಲಿತಿತು ಎಂಬುದನ್ನು ತಿಳಿದವರಿಗೆ ಯಾವುದಕ್ಕೆ ಹಣ ಸುರಿಯಬೇಕು, ಯಾವುದಕ್ಕೆ ಬೇಡ ಎಂಬುದು ತಾನಾಗಿಯೇ ಹೊಳೆಯುತ್ತದೆ.

ಅರಗಿನ ತಟ್ಟೆ

1877ರಲ್ಲಿ ಥಾಮಸ್ ಎಡಿಸನ್ ತವರದ ಹಾಳೆ ಸುತ್ತಿದ ಉರುಳೆಯ ಮೇಲೆ ಮಾತನ್ನು ಹಿಡಿದು ಮತ್ತೆ ಕೇಳಿಸಿದ. ಹತ್ತು ವರ್ಷಗಳ ನಂತರ, 1887ರಲ್ಲಿ, ಎಮಿಲ್ ಬರ್ಲಿನರ್ ಉರುಳೆಯ ಬದಲು ಚಪ್ಪಟೆ ತಟ್ಟೆ ಬಳಸುವ ಗ್ರಾಮಫೋನಿಗೆ ಪೇಟೆಂಟು ಪಡೆದ. ಈ ಬರ್ಲಿನರ್ ಕೂಡ ನಮ್ಮಂತೆ ವಲಸೆ ಬಂದವನೇ. ಜರ್ಮನಿಯ ಹ್ಯಾನೋವರಿನಲ್ಲಿ ಹುಟ್ಟಿ 1870ರಲ್ಲಿ ಅಮೆರಿಕಕ್ಕೆ ಬಂದವನು. ಉರುಳೆಗಿಂತ ತಟ್ಟೆ ಗೆದ್ದದ್ದಕ್ಕೆ ಕಾರಣ ಸರಳ: ಒಂದು ಅಚ್ಚಿನಿಂದ ಸಾವಿರಾರು ತಟ್ಟೆಗಳನ್ನು ದೋಸೆ ಹುಯ್ದಂತೆ ಒತ್ತಿ ತೆಗೆಯಬಹುದಾಗಿತ್ತು.

ಆ ತಟ್ಟೆಗಳಿಗೆ ಬೇಕಾದ ಮುಖ್ಯ ವಸ್ತು ಅರಗು. ಚನ್ನಪಟ್ಟಣದ ಗೊಂಬೆಗೆ ಬಣ್ಣ ಹಿಡಿಸುವ ಅರಗು ಯಾವ ಹುಳುವಿನಿಂದ ಬರುತ್ತದೆಯೋ ತಟ್ಟೆಯ ಅರಗು ಕೂಡ ಆ ಜಾತಿಯ ಹುಳುವಿನದೇ. ಜಗತ್ತಿನ ಗ್ರಾಮಫೋನ್ ಉದ್ಯಮಕ್ಕೆ ಬೇಕಾದ ಅರಗಿನ ಬಹುಪಾಲು ಭಾರತದಿಂದಲೇ ಹೋಗುತ್ತಿತ್ತು. ಅದಕ್ಕೆ ಕಲ್ಲಿನ ಪುಡಿ, ಕಾಡಿಗೆ, ಹತ್ತಿಯ ನಾರು ಬೆರೆಸಿ ತಟ್ಟೆ ಮಾಡುತ್ತಿದ್ದರು. ಕಲ್ಲಿನ ಪುಡಿ ಉಕ್ಕಿನ ಮುಳ್ಳನ್ನು ಗೆರೆಯ ಆಕಾರಕ್ಕೆ ತೇಯುತ್ತಿತ್ತು. ಹಳೆಯ ತಟ್ಟೆಯಲ್ಲಿ ಮಳೆ ಸುರಿದಂತೆ ಕೇಳುವ ಸದ್ದಿಗೆ ಒಂದು ಮುಖ್ಯ ಕಾರಣವೂ ಈ ಪುಡಿಯೇ.

1902ರ ನವೆಂಬರಿನಲ್ಲಿ ಗ್ರಾಮಫೋನ್ ಕಂಪೆನಿಯ ಫ್ರೆಡ್ ಗೈಸ್‌ಬರ್ಗ್ ಕಲ್ಕತ್ತೆಗೆ ಬಂದು ಗೌಹರ್ ಜಾನ್ ಅವರ ಹಾಡುಗಳನ್ನು ಮುದ್ರಿಸಿಕೊಂಡ. ಆಗ ತಟ್ಟೆಗಳನ್ನು ಒತ್ತುತ್ತಿದ್ದುದು ದೂರದ ಹ್ಯಾನೋವರಿನಲ್ಲಿ. ಅಲ್ಲಿನ ಕೆಲಸಗಾರರಿಗೆ ಯಾರ ಹಾಡು ಯಾವುದೆಂದು ಗೊತ್ತಾಗಲಿ ಎಂಬ ಕಾರಣಕ್ಕೆ ಹಾಡು ಮುಗಿದೊಡನೆ ಗಾಯಕಿ ತಮ್ಮ ಹೆಸರನ್ನು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಈ ಸಣ್ಣ ಸಂಗತಿಯನ್ನು ಓದುಗರು ನೆನಪಿನಲ್ಲಿಡಬೇಕು. ಅದೇ ಗೌಹರ್ ಜಾನ್ 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಸ್ಥಾನ ಸೇರಿ, 1930ರ ಜನವರಿಯಲ್ಲಿ ಮೈಸೂರಿನಲ್ಲೇ ಕಣ್ಣು ಮುಚ್ಚಿದರು.

1925ರವರೆಗೆ ತಟ್ಟೆಗಳ ಧ್ವನಿಮುದ್ರಣದಲ್ಲಿ ಮೈಕ್ರೊಫೋನ್ ಬಳಕೆಗೆ ಬಂದಿರಲಿಲ್ಲ. ಹಾಡುವವರು ಒಂದು ದೊಡ್ಡ ಕಹಳೆಯ ಬಾಯಿಗೆ ಮುಖವಿಟ್ಟು ಗಟ್ಟಿಯಾಗಿ ಹಾಡಬೇಕಿತ್ತು. ಆ ಉಸಿರಿನ ಬಲವೇ ಸೂಜಿಯನ್ನು ಅಲುಗಿಸಿ ಮೇಣದಲ್ಲಿ ಗೆರೆ ಕೊರೆಯುತ್ತಿತ್ತು. 1925ರಲ್ಲಿ ವಿದ್ಯುತ್ ಧ್ವನಿಮುದ್ರಣ ಬಂದ ಮೇಲೆ ತಂಬೂರಿಯ ಝೇಂಕಾರ, ಮೃದಂಗದ ಎಡದ ನಾದ ಮೊದಲಿಗಿಂತ ಚೆನ್ನಾಗಿ ಸಿಕ್ಕಿಬೀಳತೊಡಗಿದವು. ಕುಂದಗೋಳದ ಸವಾಯಿ ಗಂಧರ್ವರು, ಮಲ್ಲಿಕಾರ್ಜುನ ಮನ್ಸೂರರು 1930ರ ದಶಕದಲ್ಲಿ ನೀಡಿದ ತಟ್ಟೆಗಳು ಈ ಕಾಲದವು. ಒಂದು ಬದಿಗೆ ಮೂರು ಮೂರೂವರೆ ನಿಮಿಷ. ಅಷ್ಟರಲ್ಲೇ ಒಂದು ರಾಗ ಅರಳಿ ಮುಗಿಯಬೇಕು. ಜಗತ್ತಿನ ಇತರ ಕಡೆ ಈ 78 ಸುತ್ತಿನ ತಟ್ಟೆಗಳು ಮರೆಯಾದ ಮೇಲೂ ಭಾರತದಲ್ಲಿ 1960ರ ದಶಕದಲ್ಲೂ ಅವು ಅಚ್ಚಾಗುತ್ತಿದ್ದವು. ಬೀಟಲ್ಸ್ ತಂಡದ ಹಾಡುಗಳು ಕೂಡ ಭಾರತದಲ್ಲಿ 78ರ ತಟ್ಟೆಗಳಾಗಿ ಬಂದವು ಎಂದರೆ ಅದರ ಬಾಳಿಕೆ ಊಹಿಸಿಕೊಳ್ಳಬಹುದು. ನಮ್ಮ ಪೆಟ್ಟಿಗೆಗಳಲ್ಲಿ ಎಲ್‌ಪಿಗಳ ನಡುವೆ ಅರಗಿನ ತಟ್ಟೆಗಳೂ ಬೆರೆತಿರುವುದು ಇದರಿಂದಲೇ.

ತಗ್ಗಿಸಿ ಬರೆದದ್ದನ್ನು ಎತ್ತಿ ಓದುವುದು

1948ರಲ್ಲಿ ಅಮೆರಿಕದ ಕೊಲಂಬಿಯಾ ಕಂಪೆನಿ ನಿಮಿಷಕ್ಕೆ ಮೂವತ್ತಮೂರು ಮತ್ತು ಮೂರನೇ ಒಂದು ಸುತ್ತು ತಿರುಗುವ ಎಲ್‌ಪಿ ತಟ್ಟೆಯನ್ನು ತಂದಿತು. ಅರಗಿನ ಜಾಗಕ್ಕೆ ವಿನೈಲ್ ಎಂಬ ಪ್ಲಾಸ್ಟಿಕ್ ಬಂತು. ಗೆರೆ ಸಣ್ಣದಾಯಿತು, ಒಂದು ಬದಿಗೆ 20 ನಿಮಿಷಕ್ಕೂ ಮಿಗಿಲಾಗಿ ಸಂಗೀತ ಹಿಡಿಯಿತು.

ಆದರೆ ಗೆರೆಗೆ ತನ್ನದೇ ಆದ ಒಂದು ಕಷ್ಟವಿದೆ. ಮಂದ್ರದ ನಾದ ಮುಳ್ಳನ್ನು ಅಗಲಕ್ಕೆ ತೂಗಾಡಿಸುತ್ತದೆ. ಇದ್ದದ್ದನ್ನು ಇದ್ದಂತೆ ಕೊರೆದರೆ ಒಂದು ಗೆರೆ ಪಕ್ಕದ ಗೆರೆಗೆ ಹಾಯುತ್ತದೆ. ತಾರದ ನಾದ ಅಷ್ಟೇ ಸೂಕ್ಷ್ಮ. ಅದು ತಟ್ಟೆಯ ಸುಯ್ಯೆನ್ನುವ ಸದ್ದಿನಲ್ಲಿ ಮುಳುಗಿ ಹೋಗುತ್ತದೆ. ಆದ್ದರಿಂದ ಕೊರೆಯುವಾಗ ಮಂದ್ರವನ್ನು ತಗ್ಗಿಸಿ, ತಾರವನ್ನು ಎತ್ತಿ ಬರೆಯುತ್ತಾರೆ. ನುಡಿಸುವಾಗ ಇದನ್ನು ತಿರುಗಾಮುರುಗಾ ಮಾಡಬೇಕು. ಎಷ್ಟು ತಗ್ಗಿಸುವುದು, ಎಷ್ಟು ಎತ್ತುವುದು ಎಂಬುದು ಮೊದಲು ಕಂಪೆನಿಗೊಂದು ಬಗೆಯಾಗಿತ್ತು. 1954ರಲ್ಲಿ ಅಮೆರಿಕದ ಧ್ವನಿಮುದ್ರಣ ಉದ್ಯಮದ ಸಂಘವಾದ ಆರ್.ಐ.ಎ.ಎ. ಎಲ್ಲರಿಗೂ ಒಂದೇ ಲೆಕ್ಕವನ್ನು ಗೊತ್ತುಮಾಡಿತು. ಅದರಂತೆ, 1000 ಹರ್ಟ್ಸಿನ ನಾದವನ್ನು ಅಳತೆಗೋಲಾಗಿ ಇಟ್ಟುಕೊಂಡರೆ, ನುಡಿಸುವಾಗ 20 ಹರ್ಟ್ಸಿನ ನಾದವನ್ನು ಸುಮಾರು 9 ಪಟ್ಟು ಏರಿಸಬೇಕು. 20,000 ಹರ್ಟ್ಸಿನದನ್ನು ಹೆಚ್ಚುಕಡಿಮೆ ಅಷ್ಟೇ ಪಾಲು ಇಳಿಸಬೇಕು.

ಇನ್ನೊಂದು ಸಂಗತಿ. ಮುಳ್ಳಿನ ತುದಿಯ ಅಯಸ್ಕಾಂತದಿಂದ ಬರುವ ವಿದ್ಯುತ್ತು ಅತ್ಯಲ್ಪ: ಸಾಮಾನ್ಯ ಕಾರ್ಟ್ರಿಜ್ಜಿನಲ್ಲಿ ಸುಮಾರು 5 ಮಿಲಿವೋಲ್ಟ್. ಕ್ಯಾಸೆಟ್ ಯಂತ್ರ, ರೇಡಿಯೋ ಮೊದಲಾದವು ಕೊಡುವುದು ಇದರ ನೂರು ಪಟ್ಟಿನ ಆಸುಪಾಸು. ಹೀಗೆ ವಿದ್ಯುತ್ತನ್ನು ನೂರು ಪಟ್ಟು ಹೆಚ್ಚಿಸಿ, ಜೊತೆಗೆ ಮಂದ್ರ ತಾರಗಳ ಲೆಕ್ಕವನ್ನೂ ಸರಿಪಡಿಸುವ ಉಪಕರಣಕ್ಕೆ ಫೋನೋ ಪ್ರಿಆಂಪ್ಲಿಫೈಯರ್ ಎಂದು ಹೆಸರು. ಟರ್ನ್‌ಟೇಬಲಿನ ತಂತಿಯನ್ನು ನೇರವಾಗಿ ಕಂಪ್ಯೂಟರಿಗೆ ಸಿಕ್ಕಿಸಿದಾಗ ಹಾಡು ತಗಡಿನ ಡಬ್ಬಿಯೊಳಗಿಂದ ಪಿಸುಗುಟ್ಟಿದಂತೆ ಕೇಳುವುದು ಇದು ನಡುವೆ ಇಲ್ಲದ್ದರಿಂದಲೇ. ಎಷ್ಟು ಬೆಲೆಬಾಳುವ ಪರಿವರ್ತಕವೂ ಈ ಕೊರತೆಯನ್ನು ತಾನಾಗಿ ತುಂಬಲಾರದು.

ಯುದ್ಧಕಾಲದ ಗುಟ್ಟು

ಧ್ವನಿಯನ್ನು ಅಂಕಿಗಳಾಗಿ ಬರೆಯುವ ಯೋಚನೆ ಹುಟ್ಟಿದ್ದು ಸಂಗೀತಕ್ಕಾಗಿ ಅಲ್ಲ, ಟೆಲಿಫೋನಿಗಾಗಿ. 1937ರಲ್ಲಿ ಪ್ಯಾರಿಸಿನಲ್ಲಿ ಕೆಲಸ ಮಾಡುತ್ತಿದ್ದ ಇಂಗ್ಲಿಷ್ ಎಂಜಿನಿಯರ್ ಅಲೆಕ್ ರೀವ್ಸ್, ದೂರ ಹೋದಂತೆಲ್ಲ ತಂತಿಯ ಮೇಲಿನ ಮಾತಿಗೆ ಗದ್ದಲ ಸೇರುವುದನ್ನು ತಪ್ಪಿಸಲು ಒಂದು ಉಪಾಯ ಹುಡುಕಿದ. ಧ್ವನಿಯ ಅಲೆಯನ್ನು ಕ್ಷಣ ಕ್ಷಣಕ್ಕೂ ಅಳೆದು, ಆ ಅಳತೆಯ ಸಂಖ್ಯೆಯನ್ನು ಮಾತ್ರ ಕಳಿಸುವುದು. ಅಲೆ ಕೆಟ್ಟರೆ ಸರಿಪಡಿಸುವುದು ಕಷ್ಟ. ಸಂಖ್ಯೆಯಾದರೆ ದಾರಿಯಲ್ಲಿ ಮಸುಕಾದರೂ ಓದಿಕೊಂಡು ಹೊಸದಾಗಿ ಬರೆಯಬಹುದು. ಎಷ್ಟು ಬೇಗ ಬೇಗ ಅಳೆಯಬೇಕು ಎಂಬ ತತ್ತ್ವಕ್ಕೆ 1928ರಲ್ಲಿ ಹ್ಯಾರಿ ನೈಕ್ವಿಸ್ಟ್ ತಳಹದಿ ಹಾಕಿದ್ದ. 1949ರಲ್ಲಿ ಕ್ಲಾಡ್ ಶಾನನ್ ಅದನ್ನು ಖಚಿತವಾಗಿ ನಿರೂಪಿಸಿದ. ಹಿಡಿಯಬೇಕಾದ ಅತಿ ಮೇಲಿನ ನಾದದ ಎರಡು ಪಟ್ಟಿಗಿಂತ ಹೆಚ್ಚು ವೇಗದಲ್ಲಿ ಅಳೆದರೆ ಸಾಕು, ಅಲೆ ಪೂರ್ತಿಯಾಗಿ ಮರಳಿ ಸಿಗುತ್ತದೆ.

ಇಲ್ಲೊಂದು ಸ್ವಾರಸ್ಯವಿದೆ. ಗ್ರಾಮಫೋನ್ ತಟ್ಟೆಗೂ ಅಂಕಿಗೂ ನಂಟು ಬೆಳೆದದ್ದು ಇತ್ತೀಚೆಗೆ ಎಂದು ನಾವು ತಿಳಿದಿದ್ದೇವೆ. ನಿಜವಾಗಿ ಅದು ಎರಡನೇ ಮಹಾಯುದ್ಧದಷ್ಟು ಹಳೆಯದು. 1943ರ ಜುಲೈಯಲ್ಲಿ ವಾಷಿಂಗ್‌ಟನ್ ಮತ್ತು ಲಂಡನ್ನಿನ ನಡುವೆ ಸಿಗ್ಸಲಿ ಎಂಬ ಗುಪ್ತ ದೂರವಾಣಿ ಕೆಲಸ ಆರಂಭಿಸಿತು. ಬೆಲ್ ಪ್ರಯೋಗಾಲಯದವರು ಕಟ್ಟಿದ ಈ ಯಂತ್ರ 50 ಟನ್ನಿನಷ್ಟು ಭಾರವಿತ್ತು. ಅದು ಮಾತಿನ ಅಂಶಗಳನ್ನು ಸೆಕೆಂಡಿಗೆ 50 ಸಲ ಅಳೆದು, ಪ್ರತಿ ಅಳತೆಯನ್ನೂ 6 ಮಟ್ಟಗಳಲ್ಲಿ ಒಂದಾಗಿ ಗುರುತಿಸುತ್ತಿತ್ತು. ಆ ಅಂಕಿಗಳನ್ನು ಶತ್ರುಗಳು ಕದ್ದು ಕೇಳದಂತೆ ಮುಚ್ಚಲು ಬಳಸಿದ ಬೀಗದ ಕೈ ಯಾವುದು ಗೊತ್ತೇ? ಗ್ರಾಮಫೋನ್ ತಟ್ಟೆ! ಬರೀ ಗದ್ದಲವನ್ನು ಮುದ್ರಿಸಿದ ಎರಡು ಒಂದೇ ತೆರನ ತಟ್ಟೆಗಳು. ಒಂದು ಸಾಗರದ ಈಚೆ, ಇನ್ನೊಂದು ಆಚೆ. ಎರಡೂ ಟರ್ನ್‌ಟೇಬಲುಗಳು ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಾಗದಂತೆ ಜೊತೆಜೊತೆಗೆ ತಿರುಗಬೇಕು. ಮಾತುಕತೆ ಮುಗಿದ ಮೇಲೆ ತಟ್ಟೆಗಳನ್ನು ನಾಶ ಮಾಡುತ್ತಿದ್ದರು. 1976ರವರೆಗೆ ಈ ಗುಟ್ಟು ಹೊರಬೀಳಲಿಲ್ಲ.

ಕರೂಸೋ ಕಂಠ, ವಿಡಿಯೋ ಟೇಪಿನ ಲೆಕ್ಕ

ಅದೇ 1976ರಲ್ಲಿ ಇನ್ನೊಂದು ಘಟನೆ ನಡೆಯಿತು. ಇಟಲಿಯ ಮಹಾಗಾಯಕ ಎನ್ರಿಕೊ ಕರೂಸೋ 1921ರಲ್ಲಿ, ವಿದ್ಯುತ್ ಧ್ವನಿಮುದ್ರಣ ಬರುವ ಮೊದಲೇ, ತೀರಿಕೊಂಡಿದ್ದ. ಅವನ ಕಂಠ ಉಳಿದದ್ದು ಕಹಳೆಯಲ್ಲಿ ಹಾಡಿದ ತಟ್ಟೆಗಳಲ್ಲಿ ಮಾತ್ರ. ಯೂಟಾ ವಿಶ್ವವಿದ್ಯಾಲಯದ ಥಾಮಸ್ ಸ್ಟಾಕ್‌ಹ್ಯಾಮ್ ಆ ಹಾಡುಗಳನ್ನು ಅಂಕಿಗಳನ್ನಾಗಿಸಿ ಕಂಪ್ಯೂಟರಿಗೆ ಊಡಿದರು. ಕಹಳೆ ತನ್ನದೇ ಸ್ವಭಾವದಿಂದ ಕೆಲವು ನಾದಗಳನ್ನು ಉಬ್ಬಿಸಿ ಕೆಲವನ್ನು ನುಂಗಿರುತ್ತದೆ. ಅದೆಷ್ಟೆಂದು ಗಣಿತದಿಂದ ಅಂದಾಜು ಮಾಡಿ, ಅದನ್ನು ಕಳೆದು, ಹಾಡನ್ನು ಹೊರತಂದರು. ಆರ್.ಸಿ.ಎ. ಕಂಪೆನಿ ಅದನ್ನು ಪ್ರಕಟಿಸಿದಾಗ ಕೇಳಿದವರು ಬೆರಗಾದರು; ಸತ್ತು 55 ವರ್ಷವಾದವನು ಪಕ್ಕದ ಕೋಣೆಯಲ್ಲಿ ಹಾಡಿದಂತಿತ್ತು.

ಇಲ್ಲಿ ನಾವು ಗಮನಿಸಬೇಕಾದದ್ದು ಬೆರಗನ್ನಲ್ಲ. 1976ರ ಕಂಪ್ಯೂಟರು, 1976ರ ಪರಿವರ್ತಕ ಇಂದಿಗೆ ಆಟಿಕೆಗಳು. ಅಂದು ಹಾಡು ಚೆನ್ನಾಗಿ ಬಂದಿತೆಂದು ಮೂಲ ತಟ್ಟೆಗಳನ್ನು ಎಸೆದಿದ್ದರೆ ಕರೂಸೋ ಆ ಮಟ್ಟಕ್ಕೇ ನಿಂತುಬಿಡುತ್ತಿದ್ದ. ತಟ್ಟೆಗಳು ಉಳಿದವು, ಆದ್ದರಿಂದ ಮುಂದಿನ ತಲೆಮಾರಿನವರು ಹೊಸ ಉಪಕರಣಗಳಿಂದ ಮತ್ತೆ ಮತ್ತೆ ಆ ಕೆಲಸ ಮಾಡಲು ಸಾಧ್ಯವಾಯಿತು.

ಜಪಾನಿನಲ್ಲಿ ಎನ್.ಎಚ್.ಕೆ. ರೇಡಿಯೋ ಸಂಸ್ಥೆ 1967ರಲ್ಲಿ, ಡೆನಾನ್ ಕಂಪೆನಿ 1972ರಲ್ಲಿ ಅಂಕಿಗಳಲ್ಲಿ ಧ್ವನಿ ಬರೆಯುವ ಯಂತ್ರಗಳನ್ನು ಮಾಡಿದ್ದವು. ಡೆನಾನಿನವರು ಹೀಗೆ ಅಂಕಿಗಳಲ್ಲಿ ಬರೆದುಕೊಂಡದ್ದನ್ನು ಮತ್ತೆ ಎಲ್‌ಪಿ ತಟ್ಟೆಗಳನ್ನಾಗಿ ಒತ್ತುತ್ತಿದ್ದರು. ನಾವು ತಟ್ಟೆಯಿಂದ ಅಂಕಿಗೆ ಹೋಗಲು ಹೆಣಗುತ್ತಿದ್ದೇವೆ. ಅವರು ಅಂಕಿಯಿಂದ ತಟ್ಟೆಗೆ ಬಂದಿದ್ದರು!

ಇಷ್ಟೊಂದು ಅಂಕಿಗಳನ್ನು ತುಂಬಿಡಲು ಆಗ ಸುಲಭವಾಗಿ ದೊರೆತ ಜಾಗ ವಿಡಿಯೋ ಟೇಪು. ಸಿ.ಡಿ.ಯ 44,100 ಎಂಬ ವಿಚಿತ್ರ ಸಂಖ್ಯೆ ಹುಟ್ಟಿದ್ದು ಅಲ್ಲಿಂದ. ಅಮೆರಿಕ ಮತ್ತು ಜಪಾನಿನ ಟೆಲಿವಿಷನ್ನಿನಲ್ಲಿ ಸೆಕೆಂಡಿಗೆ 60 ಸಲ ಚಿತ್ರ ಬರೆಯುತ್ತಾರೆ. ಪ್ರತಿ ಸಲಕ್ಕೆ 245 ಗೆರೆ, ಗೆರೆಗೆ 3 ಅಳತೆ. ಗುಣಿಸಿದರೆ 44,100. ಯೂರೋಪಿನಲ್ಲಿ ಸೆಕೆಂಡಿಗೆ 50 ಸಲ. ಪ್ರತಿ ಸಲಕ್ಕೆ 294 ಗೆರೆ, ಗೆರೆಗೆ 3 ಅಳತೆ. ಗುಣಿಸಿದರೆ ಮತ್ತೆ 44,100. ಎರಡೂ ನಾಡುಗಳಿಗೆ ಒಪ್ಪುವ ಸಂಖ್ಯೆ ಎಂದು ಅದನ್ನೇ ಇಟ್ಟುಕೊಂಡರು. ಮನುಷ್ಯನ ಕಿವಿ ಕೇಳುವ ಮೇಲಿನ ಮಿತಿಯಾದ 20,000 ಹರ್ಟ್ಸಿನ ಎರಡು ಪಟ್ಟಿಗಿಂತ ಅದು ಸ್ವಲ್ಪ ಹೆಚ್ಚೇ ಇತ್ತು. 1982ರ ಅಕ್ಟೋಬರಿನಲ್ಲಿ ಸಿ.ಡಿ. ಮಾರುಕಟ್ಟೆಗೆ ಬಂತು.

ತಕ್ಕಡಿ ಬದಲಾದ ಬಗೆ

ಸಿ.ಡಿ.ಯ ಪ್ರತಿ ಅಳತೆಗೂ 16 ಬಿಟ್ಟು, ಎಂದರೆ 65,536 ಮಟ್ಟಗಳು. ಇದನ್ನು ಅಳೆಯುವ ಹಳೆಯ ಪರಿವರ್ತಕ ನಮ್ಮೂರ ಕಿರಾಣಿ ಅಂಗಡಿಯ ತಕ್ಕಡಿಯಂತಿತ್ತು. ಮೊದಲು ಅಚ್ಚೇರಿನ ಬಟ್ಟು ಇಟ್ಟು ನೋಡು, ಸಾಲದಿದ್ದರೆ ಪಾವುಸೇರು ಸೇರಿಸು, ಹೆಚ್ಚಾದರೆ ತೆಗೆದು ಅರೆಪಾವು ಇಡು, ಆಮೇಲೆ ಚಟಾಕು. ಹೀಗೆ ಪ್ರತಿ ಸಲವೂ ಅರ್ಧರ್ಧವಾಗುವ 16 ಬಟ್ಟುಗಳು. ತೊಂದರೆ ಏನೆಂದರೆ, ದೊಡ್ಡ ಬಟ್ಟಿನಲ್ಲಿರುವ ತಪ್ಪು ಅತಿ ಸಣ್ಣ ಬಟ್ಟಿನ ತೂಕಕ್ಕಿಂತ ಕಡಿಮೆಯಿರಬೇಕು. ಅಷ್ಟು ಕರಾರುವಾಕ್ಕಾದ ಬಟ್ಟುಗಳನ್ನು ಮಾಡುವುದು ದುಬಾರಿಯ ಕೆಲಸ. ಜೊತೆಗೆ 22,050 ಹರ್ಟ್ಸಿಗಿಂತ ಮೇಲಿನ ನಾದ ಒಳಗೆ ನುಸುಳಿದರೆ ಅದು ಸುಳ್ಳು ನಾದವಾಗಿ ಕೆಳಗೆ ಬಂದು ಬೀಳುತ್ತದೆ. ಅದನ್ನು ತಡೆಯಲು ಗೋಡೆಯಂಥ ಕಡಿದಾದ ಸೋಸುಕ ಬೇಕಿತ್ತು. ಆ ಸೋಸುಕ ತಾರದ ನಾದವನ್ನು ಅಷ್ಟಿಷ್ಟು ಕದಡುತ್ತಿತ್ತು. ಮೊದಮೊದಲ ಸಿ.ಡಿ.ಗಳ ಧ್ವನಿ ಗಡಸು ಎಂದು ಆಗ ಕೇಳಿಬಂದ ದೂರಿಗೆ ಇದೂ ಒಂದು ಕಾರಣ.

1962ರಲ್ಲಿ ಟೋಕಿಯೋದ ಇನೋಸೆ ಮತ್ತು ಅವರ ಜೊತೆಯವರು ಡೆಲ್ಟಾ-ಸಿಗ್ಮಾ ಎಂಬ ಬೇರೊಂದು ದಾರಿಯನ್ನು ವಿವರಿಸಿದ್ದರು. ಇದರಲ್ಲಿ ಬಟ್ಟು ಒಂದೇ. ಅದನ್ನು ಸೆಕೆಂಡಿಗೆ ಲಕ್ಷಾಂತರ ಸಲ ಇಟ್ಟು ತೆಗೆದು, ಎಷ್ಟು ಸಲ ಇಟ್ಟೆವು ಎಂಬ ಸರಾಸರಿಯಿಂದ ತೂಕ ಕಂಡುಹಿಡಿಯುವುದು. 44,100ರ 64 ಪಟ್ಟು, ಎಂದರೆ ಸೆಕೆಂಡಿಗೆ 28 ಲಕ್ಷಕ್ಕೂ ಮಿಕ್ಕಿದ ಅಳತೆ. ಒಂದೇ ಬಟ್ಟಾದ್ದರಿಂದ ಬಟ್ಟು ಬಟ್ಟಿನ ನಡುವೆ ಹೊಂದಾಣಿಕೆಯ ಪ್ರಶ್ನೆಯೇ ಇಲ್ಲ. ಕಡಿದಾದ ಸೋಸುವ ಕೆಲಸವನ್ನೂ ತಂತಿ, ಸುರುಳಿಗಳ ಬದಲು ಗಣಿತವೇ ನೋಡಿಕೊಳ್ಳುತ್ತದೆ. 1980ರ ದಶಕದ ಕೊನೆಗೆ ಇದು ಸಣ್ಣ ಚಿಪ್ಪಿನೊಳಗೆ ಅಡಕವಾಯಿತು. ಒಂದು ಕಾಲಕ್ಕೆ ಸ್ಟುಡಿಯೋಗಳ ಸೊತ್ತಾಗಿದ್ದ ನಿಖರತೆ ಅಡಿಗೆಮನೆಯ ಮಿಕ್ಸಿಯ ಬೆಲೆಗೆ ಇಳಿದದ್ದು ಹೀಗೆ.

ಹಾಗಾದರೆ ಯಾವುದನ್ನು ಆರಿಸಬೇಕು?

ಈಗ ಪೆಟ್ಟಿಗೆಯ ಮೇಲಿನ ಸಂಖ್ಯೆಗಳಿಗೆ ಬರೋಣ. ಒಂದೊಂದು ಬಿಟ್ಟಿಗೂ ಸುಮಾರು 6 ಡೆಸಿಬೆಲ್ ಲೆಕ್ಕ. 16 ಬಿಟ್ಟಿಗೆ 98 ಡೆಸಿಬೆಲ್. ಒಳ್ಳೆಯ ಎಲ್‌ಪಿಯಲ್ಲಿ ಅತಿ ಗಟ್ಟಿ ಧ್ವನಿಗೂ ತಟ್ಟೆಯ ಸ್ವಂತ ಗದ್ದಲಕ್ಕೂ ಇರುವ ಅಂತರ ಸುಮಾರು 60ರಿಂದ 70 ಡೆಸಿಬೆಲ್. ಅರಗಿನ ತಟ್ಟೆಯಲ್ಲಿ 30ರಿಂದ 40. ಲೆಕ್ಕದ ಪ್ರಕಾರ 12 ಬಿಟ್ಟೇ ಸಾಕು! 24 ಬಿಟ್ಟಿನ ಪರಿವರ್ತಕ ಏಕೆ ಬೇಕೆಂದರೆ, ಅದು ನಮಗೆ ಜಾಗ ಕೊಡುತ್ತದೆ. ತಟ್ಟೆಯ ಮೇಲಿನ ಗೀರುಗಳ ಟಕ್ ಶಬ್ದ ಹಾಡಿನ ಅತಿ ಗಟ್ಟಿ ಸ್ವರಕ್ಕಿಂತಲೂ ಜೋರಾಗಿ ಬರಬಹುದು. ಅಂಕಿಯ ಮೇಲ್ಮಿತಿಯನ್ನು ದಾಟಿದ ಧ್ವನಿ ಕತ್ತರಿಸಿ ಹೋಗುತ್ತದೆ, ಮತ್ತೆ ಸಿಗುವುದಿಲ್ಲ. 24 ಬಿಟ್ಟು ಇದ್ದರೆ ಹಾಡಿನ ಏರು ಮಟ್ಟವನ್ನು ಮಿತಿಯಿಂದ 10–12 ಡೆಸಿಬೆಲ್ ಕೆಳಗೇ ಇಟ್ಟುಕೊಳ್ಳಬಹುದು. ಕಳೆದುಕೊಳ್ಳುವುದು ಬರೀ 2 ಬಿಟ್ಟು. ಇಷ್ಟಾಗಿಯೂ 24 ಬಿಟ್ಟಿನ ಪೂರ್ತಿ ಫಲವನ್ನು ಯಾವ ಪರಿವರ್ತಕವೂ ಕೊಡದು. ಒಳ್ಳೆಯವು 110, 120 ಡೆಸಿಬೆಲ್ಲಿಗೆ ನಿಲ್ಲುತ್ತವೆ. ನಮಗೆ 100 ದಾಟಿದರೆ ಧಾರಾಳವಾಯಿತು.

ಅಳತೆಯ ವೇಗ? ಧ್ವನಿ ಭಂಡಾರಗಳ ಅಂತರರಾಷ್ಟ್ರೀಯ ಸಂಘವಾದ ಐಯಾಸಾ 24 ಬಿಟ್ಟು, 48,000 ಹರ್ಟ್ಸನ್ನು ಕನಿಷ್ಠ ಮಟ್ಟವೆಂದು ಶಿಫಾರಸು ಮಾಡಿದೆ. ದೊಡ್ಡ ಗ್ರಂಥಾಲಯಗಳು ಸಾಮಾನ್ಯವಾಗಿ 96,000 ಬಳಸುತ್ತವೆ. 96,000ದಲ್ಲಿ ಗೀರಿನ ಟಕ್ ಶಬ್ದದ ಆಕಾರ ಚೂಪಾಗಿ ಸಿಗುವುದರಿಂದ ಆಮೇಲೆ ಅದನ್ನು ಹುಡುಕಿ ತೆಗೆಯುವುದು ಸುಲಭ. ನಿಮಿಷಕ್ಕೆ ಸುಮಾರು 35 ಮೆಗಾಬೈಟು ಜಾಗ ಬೇಕು. 22 ನಿಮಿಷದ ಒಂದು ಬದಿಗೆ 760. ಇಂದಿನ ಡಿಸ್ಕುಗಳಿಗೆ ಇದು ಹೊರೆಯಲ್ಲ. 192,000ಕ್ಕೆ ಹೋಗುವುದು ಊಟಕ್ಕಿಂತ ಉಪ್ಪಿನಕಾಯಿ ಹೆಚ್ಚಾದಂತೆ.

ಅಂಗಡಿಯಲ್ಲಿ ಸಿಗುವ ದಾರಿಗಳು ಮುಖ್ಯವಾಗಿ ಮೂರು. ಮೊದಲನೆಯದು, ಪರಿವರ್ತಕವನ್ನು ಒಳಗೇ ಅಡಗಿಸಿಕೊಂಡ ಯು.ಎಸ್.ಬಿ. ಟರ್ನ್‌ಟೇಬಲ್. ಸುಲಭ, ಆದರೆ ಹೆಚ್ಚಿನವು 16 ಬಿಟ್ಟಿಗೆ ನಿಲ್ಲುತ್ತವೆ, ಧ್ವನಿಯ ಮಟ್ಟ ತಿದ್ದಲು ಗುಂಡಿ ಇರುವುದಿಲ್ಲ, ಅಗ್ಗದವುಗಳ ತೋಳು ಭಾರವಾಗಿ ತಟ್ಟೆಯನ್ನು ಸವೆಸುತ್ತದೆ. ಎರಡನೆಯದು, ಫೋನೋ ಪ್ರಿಆಂಪ್ಲಿಫೈಯರ್ ಮತ್ತು ಪರಿವರ್ತಕ ಎರಡೂ ಸೇರಿದ ಒಂದೇ ಪೆಟ್ಟಿಗೆ. ಧ್ವನಿಯ ಮಟ್ಟ ತಿದ್ದುವ ಗುಂಡಿ ಇದ್ದು 24 ಬಿಟ್ಟು ಕೊಡುವಂಥದಾದರೆ ಸಣ್ಣ ಸಂಗ್ರಹಕ್ಕೆ ಇದು ಚೆನ್ನಾಗಿಯೇ ಒಪ್ಪುತ್ತದೆ. ಮೂರನೆಯದು, ಪ್ರಿಆಂಪ್ಲಿಫೈಯರ್ ಬೇರೆ, ಲೈನ್ ಇನ್‌ಪುಟ್ ಇರುವ ಪರಿವರ್ತಕ ಬೇರೆ. ಸಂಗ್ರಹ ದೊಡ್ಡದಾಗಿದ್ದರೆ, ಅರಗಿನ ತಟ್ಟೆಗಳಿದ್ದರೆ, ಇದೇ ಸರಿ. ಒಂದು ಕೆಟ್ಟರೆ ಒಂದನ್ನೇ ಬದಲಿಸಬಹುದು. ಲ್ಯಾಪ್‌ಟಾಪಿನ ಮೈಕ್ ತೂತಿಗೆ ಮಾತ್ರ ಹೋಗಬೇಡಿ. ಅದು ಮಾತಿಗೆಂದು ಮಾಡಿದ್ದು, ಹಲವು ಯಂತ್ರಗಳಲ್ಲಿ ಒಂದೇ ಕಿವಿಯದು.

ಪರಿವರ್ತಕಕ್ಕೆ ಮುಂಚಿನ ಕೆಲಸ

ಮೇಲಿನ ಚರಿತ್ರೆಯಿಂದ ಒಂದು ಮಾತು ಸ್ಪಷ್ಟವಾಗುತ್ತದೆ. ಪರಿವರ್ತಕ ತಟ್ಟೆಯನ್ನು ಯಾವಾಗಲೋ ಮೀರಿಸಿ ಮುಂದೆ ಹೋಗಿದೆ. ಇಂದು ಹಾಡು ಕೆಡುವುದು ಅಂಕಿಯಾಗುವಾಗ ಅಲ್ಲ, ಅದಕ್ಕೂ ಮುಂಚೆ. ಆದ್ದರಿಂದ ಹಣ ಮತ್ತು ಗಮನ ಎರಡೂ ಮುಳ್ಳಿನ ಕಡೆಗೆ ಹರಿಯಬೇಕು.

ಎಲ್‌ಪಿಯ ಮುಳ್ಳಿನ ತುದಿ ಸುಮಾರು 18 ಮೈಕ್ರಾನ್. 78ರ ತಟ್ಟೆಗೆ ಬೇಕಾದದ್ದು ಸುಮಾರು 75. ಎಲ್‌ಪಿಯ ಮುಳ್ಳನ್ನು ಅರಗಿನ ತಟ್ಟೆಯ ಮೇಲಿಟ್ಟರೆ ಅದು ಗೆರೆಯ ತಳಕ್ಕೆ ಇಳಿದು ಕಸವನ್ನಷ್ಟೇ ಕೆದಕುತ್ತದೆ. ಎರಡಕ್ಕೂ ಬೇರೆ ಬೇರೆ ಮುಳ್ಳು ಬೇಕು. ತೊಳೆಯುವಾಗ ಇನ್ನೊಂದು ಎಚ್ಚರ: ವಿನೈಲಿಗೆ ಬಳಸುವ ಆಲ್ಕೊಹಾಲ್ ಬೆರೆತ ದ್ರವವನ್ನು ಅರಗಿನ ತಟ್ಟೆಗೆ ಸೋಕಿಸಬಾರದು. ಅರಗು ಅದರಲ್ಲಿ ಕರಗುತ್ತದೆ. ಹಾಡೂ ಅದರೊಡನೆ ಹೋಗುತ್ತದೆ.

ಊರಿಂದ ಟರ್ನ್‌ಟೇಬಲ್ ತಂದವರು ಗಮನಿಸಬೇಕಾದ ಸಂಗತಿ ವೇಗ. ಭಾರತದ ವಿದ್ಯುತ್ತು 50 ಹರ್ಟ್ಸ್, ಅಮೆರಿಕದ್ದು 60. ಟ್ರಾನ್ಸ್‌ಫಾರ್ಮರು ವೋಲ್ಟೇಜನ್ನು ಬದಲಿಸುತ್ತದೆಯೇ ಹೊರತು ಹರ್ಟ್ಸನ್ನಲ್ಲ. ವಿದ್ಯುತ್ತಿನ ತಾಳಕ್ಕೆ ತಿರುಗುವ ಹಳೆಯ ಸಿಂಕ್ರೊನಸ್ ಮೋಟಾರು ಇಲ್ಲಿ 6 ಸುತ್ತು ತಿರುಗುವ ಹೊತ್ತಿಗೆ ಅಲ್ಲಿ 5 ಸುತ್ತು ತಿರುಗುತ್ತಿತ್ತು. ಹಾರ್ಮೋನಿಯಂನ ಬಿಳಿ ಒಂದರಲ್ಲಿ ಹಾಡಿದವರು ಕರಿ ಎರಡಕ್ಕೂ ತುಸು ಮೇಲೆ ಹಾಡಿದಂತಾಗುತ್ತದೆ. ವೇಗ ಪರೀಕ್ಷಿಸುವ ಪಟ್ಟೆಗಳ ಚಕ್ರ ಕೊಳ್ಳುವಾಗಲೂ ಇದನ್ನು ನೋಡಿಕೊಳ್ಳಬೇಕು: ಎಲ್‌ಪಿಯ ವೇಗಕ್ಕೆ 60 ಹರ್ಟ್ಸಿನ ದೀಪದಡಿ 216 ಪಟ್ಟೆ, 50 ಹರ್ಟ್ಸಿನ ದೀಪದಡಿ 180. 1925ಕ್ಕೆ ಮುಂಚಿನ ತಟ್ಟೆಗಳಲ್ಲಂತೂ 78 ಎಂಬುದು ಹೆಸರಿಗೆ ಮಾತ್ರ. 70ರ ಕೆಳಮಟ್ಟದಿಂದ 80ರ ಆಚೆಗೂ ಅವು ಹೋಗುತ್ತವೆ. ಆ ಗಾಯಕರ ಶ್ರುತಿ ಬಲ್ಲ ಹಿರಿಯರೊಬ್ಬರು ಪಕ್ಕದಲ್ಲಿದ್ದರೆ ಯಾವ ಚಕ್ರವೂ ಬೇಡ.

ಅರಗಿನ ತಟ್ಟೆ ಒಂದೇ ಕಿವಿಯದಾದರೂ ಅದನ್ನು ಸ್ಟೀರಿಯೋದಲ್ಲೇ ಇಳಿಸಿಕೊಳ್ಳಿ. ಗೆರೆಯ ಎರಡು ಗೋಡೆಗಳಲ್ಲಿ ಒಂದು ಹೆಚ್ಚು ಸವೆದಿರಬಹುದು. ಒಳ್ಳೆಯದನ್ನು ಆಮೇಲೆ ಆರಿಸಬಹುದು. ಆರ್.ಐ.ಎ.ಎ. ಲೆಕ್ಕ ಆ ಹಳೆಯ ತಟ್ಟೆಗಳಿಗೆ ಸರಿಹೊಂದದಿದ್ದರೂ ಚಿಂತೆಯಿಲ್ಲ. ಆ ಲೆಕ್ಕ ಖಚಿತವಾಗಿ ಗೊತ್ತಿರುವುದರಿಂದ ಕಂಪ್ಯೂಟರಿನಲ್ಲಿ ಅದನ್ನು ಕಳೆದು ಬೇರೆ ಲೆಕ್ಕ ಹಾಕಬಹುದು.

ಎಲ್ಲಕ್ಕಿಂತ ಮುಖ್ಯವಾದದ್ದು ಕರೂಸೋ ಕಲಿಸಿದ ಪಾಠ. ಮೊದಲು ಇಳಿಸಿದ್ದನ್ನು ಟಕ್ ಟಕ್ ಶಬ್ದವೂ ಸೇರಿದಂತೆ ಹಾಗೆಯೇ ವೇವ್ ಅಥವಾ ಫ್ಲ್ಯಾಕ್ ರೂಪದಲ್ಲಿ ಎರಡು ಕಡೆ ಇಡಿ. ಶುದ್ಧಿ ಮಾಡುವುದು, ಎಂಪಿ3 ಮಾಡಿ ಮಕ್ಕಳ ಫೋನಿಗೆ ಕೊಡುವುದು ಎಲ್ಲ ಅದರ ಪ್ರತಿಯ ಮೇಲೆ ನಡೆಯಲಿ. ತಟ್ಟೆಯನ್ನು ಎಸೆಯಬೇಡಿ.

ಯಾತಕ್ಕಾಗಿ ಈ ಶ್ರಮ?

ಎಲ್ಲವೂ ಈಗ ಇಂಟರ್‌ನೆಟ್ಟಿನಲ್ಲಿ ಸಿಗುತ್ತದಲ್ಲ ಎಂದು ಕೆಲವರು ಕೇಳಬಹುದು. ಎಲ್ಲವೂ ಸಿಗುವುದಿಲ್ಲ. 1934ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಒಂದು ಪ್ರತಿಯೂ ಇಂದು ಉಳಿದಿಲ್ಲ. ಸಿನಿಮಾದಂಥ ದೊಡ್ಡ ವಸ್ತುವಿನ ಗತಿಯೇ ಹೀಗಾದರೆ ಮೂರು ನಿಮಿಷದ ರಂಗಗೀತೆಯ, ದೇವರನಾಮದ, ಹಾಸ್ಯ ಸಂಭಾಷಣೆಯ ತಟ್ಟೆಗಳ ಪಾಡೇನು? ಅಚ್ಚುಗಳು ಕರಗಿ ಹೋದ ಮೇಲೆ ಮನೆಗಳಲ್ಲಿ ಉಳಿದ ತಟ್ಟೆಗಳೇ ಮೂಲ. ಬಾಗದೆ ಬೂಷ್ಟು ಹಿಡಿಯದೆ ಉಳಿದ ಒಂದು ಪ್ರತಿ ನಮ್ಮಲ್ಲಿ ಯಾರದೋ ಬೇಸ್‌ಮೆಂಟಿನಲ್ಲಿ ಇರಬಾರದೇಕೆ?

ಬೇರೆಯವರ ಸಂಗೀತವನ್ನೇ ಕಾಪಾಡಿದ ಹಿರಿಮೆ ನಮ್ಮವರಿಗಿದೆ. 1940ರ ದಶಕದ ಕೊನೆಯಲ್ಲಿ, ತಾಯ್ನಾಡು ಬಿಟ್ಟು ಲಂಡನ್ನಿನಲ್ಲಿ ಕಾಯಿಲೆ ಬಿದ್ದಿದ್ದ ರಷ್ಯನ್ ಸಂಗೀತಗಾರ ನಿಕೊಲಾಯ್ ಮೆಟ್ನರ್ ಅವರ ಕೃತಿಗಳನ್ನು ತಟ್ಟೆಗಳಲ್ಲಿ ಮುದ್ರಿಸಲು ಹಣ ಕೊಟ್ಟವರು ಮೈಸೂರಿನ ಜಯಚಾಮರಾಜ ಒಡೆಯರು. 1951ರಲ್ಲಿ ಮೆಟ್ನರ್ ತೀರಿಕೊಂಡರು. ಅವರ ಕೈಬೆರಳುಗಳ ನಾದ ಉಳಿಯಿತು, ಮುಂದೆ ಸಿ.ಡಿ.ಗೂ ಬಂತು. ಪರನಾಡಿನಲ್ಲಿದ್ದ ಪರಭಾಷೆಯವರಿಗೆ ಮೈಸೂರು ಮಾಡಿದ್ದನ್ನು ನಮ್ಮ ಭಾಷೆಯ ದನಿಗೆ ನಾವು ಮಾಡಬಾರದೇ?

ಇದು ಒಬ್ಬೊಬ್ಬರೇ ಮಾಡುವ ಕೆಲಸವಲ್ಲ. ಒಳ್ಳೆಯ ಒಂದು ಟರ್ನ್‌ಟೇಬಲ್, ಎರಡು ಮುಳ್ಳು, ಒಂದು ಪ್ರಿಆಂಪ್ಲಿಫೈಯರ್, ಒಂದು 24 ಬಿಟ್ಟಿನ ಪರಿವರ್ತಕ ಇಡೀ ಕೂಟಕ್ಕೆ ಸಾಕು. ವಾರಕ್ಕೊಂದು ಮನೆಯಂತೆ ಸುತ್ತಿದರೆ ಒಂದೆರಡು ವರ್ಷಗಳಲ್ಲಿ ನಮ್ಮೆಲ್ಲರ ಪೆಟ್ಟಿಗೆಗಳೂ ಖಾಲಿಯಾಗುತ್ತವೆ. ಯಂತ್ರ ನಡೆಸುವುದನ್ನು ಮಕ್ಕಳಿಗೆ ಬಿಡೋಣ. ಅವರಿಗೆ ಅದು ನೀರು ಕುಡಿದಷ್ಟು ಸುಲಭ. ಹಿರಿಯರಿಗೆ ಬೇರೆ ಕೆಲಸವಿದೆ. ಕಂಪ್ಯೂಟರಿಗೆ ಇಳಿದ ಹಾಡಿಗೆ ‘ಟ್ರ್ಯಾಕ್ ಒಂದು’, ‘ಟ್ರ್ಯಾಕ್ ಎರಡು’ ಎಂಬ ಹೆಸರು ಬಿದ್ದಿರುತ್ತದೆ. ಹಾಡಿದವರು ಯಾರು, ರಾಗ ಯಾವುದು, ಯಾವ ನಾಟಕದ್ದು, ತಟ್ಟೆಯ ಮೇಲಿನ ಸಂಖ್ಯೆ ಏನು, ಯಾವ ಊರಿನ ಯಾವ ಅಂಗಡಿಯಲ್ಲಿ ಕೊಂಡದ್ದು, ಎಲ್ಲವನ್ನೂ ಹೇಳಿ ಬರೆಸಬೇಕು; ತಟ್ಟೆಯ ನಡುವಿನ ಚೀಟಿಯ ಚಿತ್ರವನ್ನೂ ತೆಗೆದಿಡಬೇಕು. ಹ್ಯಾನೋವರಿನ ಅಪರಿಚಿತರಿಗೆ ಗೊತ್ತಾಗಲೆಂದು ಗೌಹರ್ ಜಾನ್ ತಮ್ಮ ಹೆಸರನ್ನು ತಾವೇ ಹೇಳಿ ಹೋದರು. ನಮ್ಮ ತಟ್ಟೆಗಳಲ್ಲಿರುವ ಎಷ್ಟೋ ಮಂದಿ ಹೆಸರು ಹೇಳಿಲ್ಲ. ಅವರ ಪರವಾಗಿ ಹೇಳಬಲ್ಲವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಅವರಿರುವಾಗಲೇ ಈ ಕೆಲಸ ಆಗಲಿ.